ಹನ್ನೆರಡಕ್ಕೆ ಹತ್ತು ನಿಮಿಷ

ಡೋರ್ಕಸಮ್ಮ: ಬೂಟು ಒರೆಸಿಕೊಳ್ಳದೆ ಒಳಗೆ ಕಾಲಿಡೋ ಹಾಗಿಲ್ಲ ಅಂತ ಎರಡು ಸಲ ಹೇಳಿದೆ.

ಲೈಮನ್: ಅಮ್ಮ, ನಾವು ಶಾಸನಸಭೆ.

ಡೋರ್ಕಸಮ್ಮ: ಆಗಿರಿ. ಎಷ್ಟು ಜನ?

ಲೈಮನ್: ಮೂವತ್ತೊಂದು.

ಡೋರ್ಕಸಮ್ಮ: ಹಾಗಾದ್ರೆ ಅರವತ್ತೆರಡು ಬೂಟು.

ಲೈಮನ್: ಅರವತ್ತೊಂದು. ಒಬ್ಬರ ಕಾಲು ಯುದ್ಧದಲ್ಲಿ ಹೋಯ್ತು. ಮರದ್ದು ಹಾಕ್ಕೊಂಡಿದ್ದಾರೆ.

ಡೋರ್ಕಸಮ್ಮ: ಮರದ್ದನ್ನೂ ಒರೆಸಲಿ. ನನ್ನ ನೆಲವೂ ಮರದ್ದೇ.

ಅದು ಜನವರಿ ಮೂರನೆಯ ತಾರೀಖು, ಶುಕ್ರವಾರ. ಆ ಸೀಮೆ ದೇಶದ ಒಕ್ಕೂಟಕ್ಕೆ ಸೇರಿ ರಾಜ್ಯ ಅನ್ನಿಸಿಕೊಂಡು ಎರಡು ತಿಂಗಳಾಗಿತ್ತು. ಶಾಸನಸಭೆಗೆ ಇನ್ನೂ ಕಟ್ಟಡ ಇರಲಿಲ್ಲ. ಕಟ್ಟಡ ಬರುವ ಜಾಗದಲ್ಲಿ ನಾಲ್ಕು ಗೂಟ ಹೊಡೆದು ಸುತ್ತ ಹಗ್ಗ ಕಟ್ಟಿದ್ದರು. ಹಗ್ಗವನ್ನು ಕ್ರಿಸ್‌ಮಸ್ಸಿಗೆ ಮುಂಚೆಯೇ ಯಾರೋ ಹಸು ಕಟ್ಟುವುದಕ್ಕೆ ಬಿಚ್ಚಿಕೊಂಡು ಹೋಗಿದ್ದರು. ಮೇಲ್ಮನೆಯವರು ಜೀನು ಹೊಲಿಯುವವನ ಅಂಗಡಿಯ ಮಹಡಿ ಹಿಡಿದರು. ಕೆಳಮನೆಯವರಿಗೆ ಡೋರ್ಕಸಮ್ಮನ ಊಟದ ಕೋಣೆ ಸಿಕ್ಕಿತು. ಊರಲ್ಲಿ ಹೊರಗಿನವರಿಗೆ ಊಟ ಹಾಕುವ ಮನೆ ಅದೊಂದೇ.

ಊರಿನ ಹೆಸರು ಟಲ್ಸ್ ಫೆರಿ. ಟಲ್ ಎಂಬ ಮುದುಕ ಅಲ್ಲಿಯ ನದಿಗೆ ಮೊದಲು ದೋಣಿ ಇಳಿಸಿದ್ದರಿಂದ ಬಂದ ಹೆಸರು. ಅವನ ಮಗ ಅಬ್ನರ್ ಟಲ್ ಈಗಲೂ ಅದೇ ದೋಣಿ ನಡೆಸುತ್ತಿದ್ದ. ಗೆದ್ದು ಶಾಸನಸಭೆಗೂ ಬಂದಿದ್ದ. ಬಾಗಿಲಲ್ಲಿ ಮಾತಾಡಿದವನು ಲೈಮನ್ ಹಾಸ್ಕಿನ್ಸ್, ಕುದುರೆ ವೈದ್ಯ. ಅವನು ಸಭಾಧ್ಯಕ್ಷನಾಗಿ ಒಂದು ಗಂಟೆಯಾಗಿತ್ತು.

ಅರವತ್ತೊಂದು ಬೂಟು, ಒಂದು ಮರದ ಕಾಲು ಒರೆಸಿಕೊಂಡು ಸಭೆ ಒಳಗೆ ಬಂದು ಊಟದ ಮೇಜಿನ ಸುತ್ತ ಕೂತಿತು. ಕೂತ ಕೂಡಲೇ ಜಗಳ ಶುರುವಾಯಿತು.

ಲೈಮನ್: ಹತ್ತೂ ಕಾಲಾಯ್ತು. ಶುರು ಮಾಡೋಣ.

ಅಬ್ನರ್: ಯಾವ ಹತ್ತೂ ಕಾಲು? ಇನ್ನೂ ಹತ್ತೇ ಆಗಿಲ್ಲ.

ಲೈಮನ್: ನನ್ನದು ರೈಲಿನ ಟೈಮು.

ಅಬ್ನರ್: ನನ್ನದು ಸೂರ್ಯನ ಟೈಮು. ರೈಲು ಈ ಊರಿಗೆ ಬಂದು ಮೂರು ವರ್ಷ. ಸೂರ್ಯ ಅದಕ್ಕಿಂತ ಹಳಬ.

ಮೂವತ್ತೊಂದು ಜನವೂ ಜೇಬಿನಿಂದ ಗಡಿಯಾರ ತೆಗೆದರು. ಒಬ್ಬರದ್ದು ಇನ್ನೊಬ್ಬರಿಗೆ ಸರಿಹೋಗಲಿಲ್ಲ. ಕೊನೆಗೆ ಅಬ್ನರ್ ಗೋಡೆ ನೋಡಿದ. ಅಲ್ಲಿ ಡೋರ್ಕಸಮ್ಮನ ಗಂಡ ಎಫ್ರಾಯಿಮ್ ಒಹಾಯೋದಿಂದ ಗಾಡಿಯಲ್ಲಿ ಹುಲ್ಲು ಸುತ್ತಿ ತಂದಿದ್ದ ದೊಡ್ಡ ಗಡಿಯಾರ ಇತ್ತು.

ಅಬ್ನರ್: ಅದು ಯಾವ ಟೈಮು?

ಡೋರ್ಕಸಮ್ಮ: ನನ್ನ ಟೈಮು.

ಅಬ್ನರ್: ರೈಲಿನದಲ್ಲ ತಾನೆ?

ಡೋರ್ಕಸಮ್ಮ: ರೈಲಿನವರು ಬಂದು ಇದನ್ನ ನೋಡ್ಕೊಂಡು ಹೋಗಿದ್ದಾರೆ. ನಾನು ಹೋಗಿ ಅವರದ್ದು ನೋಡಿಲ್ಲ.

ಅಬ್ನರ್: ಯಾವಾಗಲಾದ್ರೂ ನಿಂತಿದ್ಯಾ?

ಡೋರ್ಕಸಮ್ಮ: ಇಪ್ಪತ್ತೆರಡು ವರ್ಷದಲ್ಲಿ ಎರಡು ಸಲ. ನಮ್ಮೆಜಮಾನರು ತೀರಿಕೊಂಡಾಗ ಗುರುವಾರ ಮೂರೂ ಹತ್ತಕ್ಕೆ ನಾನೇ ನಿಲ್ಲಿಸಿದೆ. ಹೋದ ವರ್ಷ ಜ್ವರ ಬಂದು ಮಲಗಿದೆ, ಭಾನುವಾರ ಕೀಲಿ ಕೊಡೋದು ತಪ್ಪಿತು. ಸೋಮವಾರ ಊಟಕ್ಕೆ ಸ್ವಲ್ಪ ಮುಂಚೆ ಅದಾಗಿಯೇ ನಿಂತಿತು.

ಅಬ್ನರ್: ಮಂಗಳವಾರ ಕೊಡಬಹುದಿತ್ತಲ್ಲ.

ಡೋರ್ಕಸಮ್ಮ: ಕೀಲಿ ಭಾನುವಾರ. ಬೆಳಗ್ಗೆ ಏಳಕ್ಕೆ, ಹದಿನಾಲ್ಕು ಸುತ್ತು. ಬೇರೆ ದಿನ ಕೊಟ್ಟರೆ ಸ್ಪ್ರಿಂಗು ಕೆಡುತ್ತೆ ಅಂತ ನಮ್ಮೆಜಮಾನರು ಹೇಳಿ ಹೋಗಿದ್ದಾರೆ. ಮುಂದಿನ ಭಾನುವಾರದ ತನಕ ನಿಂತೇ ಇತ್ತು.

ಅಬ್ನರ್: ನೋಡಿ ಸ್ವಾಮಿ, ನಂಬಿದರೆ ಇಂಥಾದ್ದನ್ನ ನಂಬಬೇಕು.

ಅಬ್ನರ್ ಎದ್ದು ನಿಂತು ಸೂಚನೆ ಮಂಡಿಸಿದ: ಈ ಮನೆಗೆ ಗೋಡೆಯ ಮೇಲಿರುವ ಗಡಿಯಾರವೇ ಗಡಿಯಾರ, ಯಾರ ಜೇಬಿನದ್ದೂ ಲೆಕ್ಕಕ್ಕಿಲ್ಲ, ಸಭೆ ಸೇರುವುದು ಏಳುವುದು ಎಲ್ಲವೂ ಅದು ಹೊಡೆದಂತೆ. ಹೊಸ ರಾಜ್ಯದ ಶಾಸನಸಭೆ ಮಾಡಿದ ಮೊದಲನೆಯ ನಿಯಮ ಅದು. ಬರೆದುಕೊಂಡು ಕೆಳಗೆ ಅಬ್ನರನ ಹೆಸರು ಹಾಕಿದರು.

ಡೋರ್ಕಸಮ್ಮ: ನನ್ನದೂ ಎರಡು ಬರಕೊಳ್ಳಿ. ಗಡಿಯಾರವನ್ನ ನಾನು ಬಿಟ್ಟು ಇನ್ನೊಬ್ಬರು ಮುಟ್ಟಬಾರದು. ಹನ್ನೆರಡು ಹೊಡೆದ ಮೇಲೆ ಊಟ. ಅದಕ್ಕೆ ಮುಂಚೆ ತಟ್ಟೆ ಹಿಡ್ಕೊಂಡು ಅಡುಗೆಮನೆ ಬಾಗಿಲಿಗೆ ಬರಬಾರದು.

ಲೈಮನ್: ಆಯ್ತಮ್ಮ.

ಡೋರ್ಕಸಮ್ಮ: ಭಾನುವಾರ ಒಲೆ ಹಚ್ಚಲ್ಲ. ತಣ್ಣನೆ ಬ್ರೆಡ್ಡು, ತಣ್ಣನೆ ಮಾಂಸ.

ಲೈಮನ್: ಭಾನುವಾರ ನಾವು ಸೇರಲ್ಲ ಬಿಡಿ. ಅದೇನೂ ತೊಂದರೆ ಇಲ್ಲ.

*

ಐವತ್ತು ಚಿಲ್ಲರೆ ದಿನ ಹೀಗೆ ನಡೆಯಿತು. ತೋಳದ ತಲೆ ತಂದವರಿಗೆ ಬಹುಮಾನ ನಿಗದಿಯಾಯಿತು. ಬೇಲಿ ಎಷ್ಟೆತ್ತರ ಇರಬೇಕು, ಮೇಷ್ಟರಿಗೆ ಎಷ್ಟು ಓದು ಬರಬೇಕು ಎಂಬುದು ತೀರ್ಮಾನವಾಯಿತು. ರಾಜ್ಯದ ಮುದ್ರೆಯ ಮೇಲೆ ಎತ್ತು ಇರಬೇಕೋ ಕುದುರೆ ಇರಬೇಕೋ ಎಂಬುದಕ್ಕೆ ಹನ್ನೊಂದು ದಿನ ಹಿಡಿಯಿತು. ಕೊನೆಗೆ ನೇಗಿಲೊಂದನ್ನೇ ಇಟ್ಟರು, ಎಳೆಯುವವರಿಲ್ಲದೆ. ದಿನಾ ಹನ್ನೆರಡು ಹೊಡೆದಾಗ ಡೋರ್ಕಸಮ್ಮ ಊಟ ಬಡಿಸಿದಳು. ಐದು ಹೊಡೆದಾಗ ಸಭೆ ಎದ್ದಿತು. ಭಾನುವಾರ ಏಳಕ್ಕೆ ಸ್ಟೂಲಿನ ಮೇಲೆ ನಿಂತು ಹದಿನಾಲ್ಕು ಸುತ್ತು ಕೀಲಿ ಕೊಟ್ಟಳು.

ಐವತ್ತೆಂಟನೆಯ ದಿನ ಮಾರ್ಚ್ ಒಂದು, ಶನಿವಾರ. ಐದು ಹೊಡೆದ ಮೇಲೆ ಎಲ್ಲರೂ ಹೋದರು. ಲೈಮನ್ ಮಾತ್ರ ಹಿಂದೆ ಉಳಿದು ಅಡುಗೆಮನೆಗೆ ಬಂದ. ಡೋರ್ಕಸಮ್ಮ ಆಲೂಗಡ್ಡೆ ಹೆರೆಯುತ್ತಿದ್ದಳು.

ಲೈಮನ್: ಅಮ್ಮ, ಒಂದು ಸಣ್ಣ ಉಪಕಾರ ಆಗಬೇಕು. ಸೋಮವಾರ ಗಡಿಯಾರವನ್ನ ಒಂಚೂರು ನಿಲ್ಲಿಸಬೇಕು.

ಡೋರ್ಕಸಮ್ಮ: ಯಾರು ಸತ್ತರು?

ಲೈಮನ್: ಯಾರೂ ಇಲ್ಲ.

ಡೋರ್ಕಸಮ್ಮ: ಸೋಮವಾರ ಸಾಯೋರು ಇದ್ದಾರಾ?

ಲೈಮನ್: ಸಭೆ ಸಾಯುತ್ತೆ ಅಮ್ಮ. ಅರವತ್ತನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸಭೆ ಮುಗೀಬೇಕು ಅಂತ ಸಂವಿಧಾನದಲ್ಲಿ ಬರೆದಿದೆ. ಸೇತುವೆ ಮಸೂದೆ ಇನ್ನೂ ಹಾಗೇ ಕೂತಿದೆ. ಮೇಲ್ಮನೆ ಒಪ್ಪಿಯಾಯ್ತು. ನಮ್ಮಲ್ಲಿ ಕೈ ಎತ್ತಿಸಿಬಿಟ್ಟರೆ ಸೇತುವೆ ಬಂದ ಹಾಗೆ. ಹದಿನೇಳು ಕೈ ನನ್ನ ಕಡೆ ಇವೆ.

ಡೋರ್ಕಸಮ್ಮ: ಎತ್ತಿಸಿ.

ಲೈಮನ್: ಅಬ್ನರ್ ಕೂತರೆ ತಾನೆ. ಬುಧವಾರದಿಂದ ನಿಂತು ಮಾತಾಡ್ತಾ ಇದ್ದಾನೆ. ಸೇತುವೆ ಬಂದರೆ ಅವನ ದೋಣಿಗೆ ಯಾರು ಹತ್ತುತಾರೆ? ನಿಂತವನು ತಾನಾಗಿ ಕೂರೋ ತನಕ ಕೈ ಎತ್ತಿಸೋ ಹಾಗಿಲ್ಲ, ಬೇರೆಯವರು ಎದ್ದು ಹೋಗೋ ಹಾಗೂ ಇಲ್ಲ. ಹನ್ನೆರಡು ಹೊಡೆದರೆ ಊಟ, ಐದು ಹೊಡೆದರೆ ಮನೆ. ಮರುದಿನ ಬಂದು ಬಿಟ್ಟಲ್ಲಿಂದ ಹಿಡೀತಾನೆ. ಸೋಮವಾರ ಹನ್ನೆರಡರ ತನಕ ಎಳೆದರೆ ಅವನು ಗೆದ್ದ.

ಡೋರ್ಕಸಮ್ಮ: ಈಗ ಎಲ್ಲಿಗೆ ಬಂದಿದ್ದಾನೆ?

ಲೈಮನ್: ಅವರಪ್ಪನ ದೋಣಿಯ ಹಲಗೆಗಳ ಹತ್ತಿರ. ನಲವತ್ತು ಹಲಗೆಯಂತೆ. ಇವತ್ತಿಗೆ ಹತ್ತೊಂಬತ್ತು ಆಗಿದೆ. ಯಾವ ಮರ, ಯಾವ ಕಾಡು, ಕಡಿದವನ ಹೆಂಡತಿ ಎಂಥವಳು, ಒಂದೂ ಬಿಡ್ತಾ ಇಲ್ಲ.

ಡೋರ್ಕಸಮ್ಮ: ಅದಕ್ಕೆ ನನ್ನ ಗಡಿಯಾರ ಯಾಕೆ ನಿಲ್ಲಬೇಕು?

ಲೈಮನ್: ಹನ್ನೆರಡು ಆಗದಿದ್ದರೆ ದಿನ ಮುಗಿಯಲ್ಲ. ಹಳೇ ರಾಜ್ಯಗಳಲ್ಲೂ ಇದನ್ನ ಮಾಡ್ತಾರಂತೆ, ನಾವೇನು ಹೊಸದಾಗಿ ಕಂಡುಹಿಡಿದಿದ್ದಲ್ಲ.

ಡೋರ್ಕಸಮ್ಮ: ಮನೇಲಿ ಹೆಣ ಇದ್ದಾಗ ಗಡಿಯಾರ ನಿಲ್ಲಿಸೋದು. ಸೇತುವೆಗೆ ಅಂತ ನಿಲ್ಲಿಸೋದನ್ನ ನಾನು ಕಾಣೆ.

ಲೈಮನ್: ಬರೀ ಮುಳ್ಳು ಹಿಡಿದುಕೊಳ್ಳೋದಮ್ಮ.

ಡೋರ್ಕಸಮ್ಮ: ಹನ್ನೆರಡು ಆಗಿದ್ದಾಗ ಆಗಿಲ್ಲ ಅನ್ನೋದು ಸುಳ್ಳು. ಬಾಯಲ್ಲಿ ಹೇಳಿದರೂ ಅಷ್ಟೆ, ಮುಳ್ಳಲ್ಲಿ ಹೇಳಿಸಿದರೂ ಅಷ್ಟೆ.

ಲೈಮನ್: ನಿಮಗೆ ಸೇತುವೆ ಬೇಡವಾ?

ಡೋರ್ಕಸಮ್ಮನ ಕೈಯ ಚಾಕು ನಿಂತಿತು.

ಈ ದಂಡೆ ತಗ್ಗು, ನೀರು ನುಗ್ಗುತ್ತದೆ ಎಂದು ಊರಿನವರು ಸತ್ತವರನ್ನು ಹೂಳುವುದು ಆ ದಂಡೆಯಲ್ಲಿ. ನಾಲ್ಕು ವರ್ಷದ ಹಿಂದೆ ಎಫ್ರಾಯಿಮ್ ತೀರಿಕೊಂಡಾಗ ಮಾರ್ಚ್ ತಿಂಗಳು. ನದಿಯ ಮೇಲಿನ ಮಂಜುಗಡ್ಡೆ ಒಡೆಯುತ್ತಿತ್ತು. ಮೇಲೆ ನಡೆದರೆ ಕಾಲು ಹಿಡಿಯದು, ದೋಣಿ ಇಳಿಸಿದರೆ ಗಡ್ಡೆ ಹೊಡೆದು ಒಡೆಯುತ್ತದೆ. ಶವಪೆಟ್ಟಿಗೆ ಊಟದ ಮೇಜಿನ ಮೇಲೆ ನಾಲ್ಕು ದಿನ ಇತ್ತು. ಊಟಕ್ಕೆ ಬಂದವರು ಅಡುಗೆಮನೆಯಲ್ಲಿ ನಿಂತುಕೊಂಡು ತಿಂದು ಹೋದರು. ಗೋಡೆಯ ಮೇಲೆ ನಾಲ್ಕು ದಿನವೂ ಮೂರೂ ಹತ್ತೇ ಇತ್ತು. ಐದನೆಯ ದಿನ ಅಬ್ನರ್ ದೋಣಿ ಇಳಿಸಿದ. ಆಮೇಲಿಂದ ಪ್ರತಿ ವರ್ಷವೂ ಅದೇ ಹೊತ್ತಿಗೆ ಗಡ್ಡೆ ಒಡೆಯುತ್ತದೆ. ಗಂಡ ಸತ್ತ ತಾರೀಖಿಗೆ ಡೋರ್ಕಸಮ್ಮ ಒಂದು ವರ್ಷವೂ ಅವನ ಗೋರಿಯ ಹತ್ತಿರ ಇರಲಿಲ್ಲ.

ಲೈಮನ್ ಟೋಪಿ ಹಾಕಿಕೊಂಡು ಹೋದ. ಅರ್ಧ ಗಂಟೆಗೆ ಹಿತ್ತಲ ಬಾಗಿಲಿನಿಂದ ಅಬ್ನರ್ ಬಂದ. ಬೂಟು ಚೆನ್ನಾಗಿ ಒರೆಸಿಕೊಂಡೇ ಬಂದ.

ಅಬ್ನರ್: ಕುದುರೆ ಡಾಕ್ಟರು ಬಂದಿದ್ದನಾ?

ಡೋರ್ಕಸಮ್ಮ: ಬಂದಿದ್ದರು.

ಅಬ್ನರ್: ಗಡಿಯಾರ ನಿಲ್ಲಿಸಿ ಅಂದನಾ?

ಡೋರ್ಕಸಮ್ಮ: ಅಂದರು. ಆಗಲ್ಲ ಅಂದೆ.

ಅಬ್ನರ್: ನಿಮ್ಮ ಬಾಯಲ್ಲಿ ಅದೇ ಬರುತ್ತೆ ಅಂತ ನನಗೆ ಗೊತ್ತಿತ್ತು. ನೋಡಿ ಡೋರ್ಕಸಮ್ಮ, ಇನ್ನು ಮೇಲೆ ಎಫ್ರಾಯಿಮಣ್ಣನ ಗೋರಿಗೆ ಹೋಗೋಕೆ ನಿಮಗೆ ನನ್ನ ದೋಣಿ ಬಿಟ್ಟಿ. ಯಾವಾಗ ಬೇಕಾದ್ರೂ ಹತ್ತಿ ಕೂತ್ಕೊಳ್ಳಿ.

ಡೋರ್ಕಸಮ್ಮ: ಈ ತಿಂಗಳು ಹನ್ನೊಂದನೇ ತಾರೀಖು, ಅವರು ತೀರಿಕೊಂಡ ದಿನ, ಕೂತ್ಕೋತೀನಿ.

ಅಬ್ನರ್: ಅದು ಗಡ್ಡೆ ಒಡೆಯೋ ಹೊತ್ತು. ದೋಣಿ ಇರಲ್ಲ.

ಡೋರ್ಕಸಮ್ಮ: ಹಾಗಾದ್ರೆ ಬಿಟ್ಟಿ ಕೊಟ್ಟಿದ್ದು ಏನು?

ಅಬ್ನರ್: ಮಿಕ್ಕ ದಿನ ಎಲ್ಲಾ ಇದೆಯಲ್ಲಮ್ಮ. ಇರಲಿ. ನನಗೆ ಒಂದು ಮಾತು ಕೊಡಿ. ಸಭೆ ಮುಗಿಯೋ ತನಕ ನೀವು ಆ ಗಡಿಯಾರಕ್ಕೆ ಕೈ ಹಚ್ಚಬಾರದು.

ಡೋರ್ಕಸಮ್ಮ: ನಿಲ್ಲಿಸಲ್ಲ ಅಂತ ಆಗಲೇ ಹೇಳಿದೆ.

ಅಬ್ನರ್: ನಿಲ್ಲಿಸೋದೂ ಬೇಡ, ಸರಿಮಾಡೋದೂ ಬೇಡ. ಬೆರಳೂ ಸೋಕಬಾರದು. ಆ ಡಾಕ್ಟರು ಕುದುರೆಗೇ ಔಷಧಿ ಕುಡಿಸ್ತಾನೆ, ನಿಮ್ಮನ್ನ ಒಪ್ಪಿಸೋದು ಎಷ್ಟು ಹೊತ್ತು.

ಡೋರ್ಕಸಮ್ಮ: ನಾಳೆ ಭಾನುವಾರ.

ಅಬ್ನರ್: ಭಾನುವಾರವೂ ಅಷ್ಟೆ.

ಡೋರ್ಕಸಮ್ಮ: ಭಾನುವಾರವೂ ಮುಟ್ಟಬಾರದು ಅಂತೀರಾ?

ಅಬ್ನರ್: ಭಾನುವಾರ ಮೊದಲೇ ಮುಟ್ಟಬಾರದು. ದೇವರ ದಿನ ಮೋಸ ಮಾಡಿದರೆ ಎರಡು ಪಾಪ.

ಡೋರ್ಕಸಮ್ಮ: ಇನ್ನೊಂದ್ಸಲ ಯೋಚನೆ ಮಾಡಿ ಹೇಳಿ, ಅಬ್ನರ್.

ಅಬ್ನರ್: ಯೋಚನೆ ಮಾಡೋಕೆ ಏನಿದೆ?

ಡೋರ್ಕಸಮ್ಮ: ಸರಿ. ಮಾತು ಕೊಟ್ಟೆ.

ಅಬ್ನರ್ ಅವಳ ಕೈ ಹಿಡಿದು ಕುಲುಕಿದ. ಅವಳ ಕೈಯಲ್ಲಿ ಆಲೂಗಡ್ಡೆ ಇತ್ತು. ಅದರ ಸಮೇತ ಕುಲುಕಿದ.

ಮರುದಿನ ಬೆಳಗ್ಗೆ ಏಳಕ್ಕೆ ಡೋರ್ಕಸಮ್ಮ ಏಪ್ರನ್ನಿನ ಜೇಬಿನಿಂದ ಕೀಲಿಕೈ ತೆಗೆದು ನೋಡಿ ಮತ್ತೆ ಜೇಬಿಗೇ ಹಾಕಿಕೊಂಡಳು. ಆಮೇಲೆ ಕಿಟಕಿಯ ಹತ್ತಿರ ಕೂತು ಒಂದು ಕಾಲುಚೀಲಕ್ಕೆ ತೇಪೆ ಹಾಕಿದಳು. ಕಾಲುಚೀಲ ಹರಿದಿರಲಿಲ್ಲ.

*

ಸೋಮವಾರ ಅರವತ್ತನೆಯ ದಿನ. ಬೆಳಗಿನ ಜಾವದಿಂದ ಒಲೆಯ ಮೇಲೆ ಬೀನ್ಸ್ ಕಾಳು, ಉಪ್ಪು ಹಾಕಿದ ಹಂದಿಮಾಂಸ ಬೇಯುತ್ತಿತ್ತು. ವಾಸನೆ ಊಟದ ಕೋಣೆಗೆ ಬಂದು ಮೂವತ್ತೊಂದು ಕುರ್ಚಿಗಳ ಸುತ್ತ ತಿರುಗುತ್ತಿತ್ತು. ಅಬ್ನರ್ ಮೂವತ್ತೊಂದನೆಯ ಹಲಗೆಯಲ್ಲಿದ್ದ. ಅವನ ಮುಖದಲ್ಲಿ ಆತುರ ಇರಲಿಲ್ಲ. ಆಗಾಗ ಗೋಡೆ ನೋಡುತ್ತಿದ್ದ.

ಅಬ್ನರ್: ಈ ಹಲಗೆಯಲ್ಲಿ ಒಂದು ಗಂಟು ಇತ್ತು. ನಮ್ಮಪ್ಪ ಅದನ್ನ ಮೊದಲ ಸಲ ನೋಡಿದಾಗ ಏನಂದರು ಅಂದರೆ,

ಅಷ್ಟರಲ್ಲಿ ಗಡಿಯಾರ ನಿಂತಿತು. ಸದ್ದು ಹೋದ ಮೇಲೆಯೇ ಅದುವರೆಗೆ ಅಲ್ಲೊಂದು ಸದ್ದು ಇತ್ತೆಂದು ಎಲ್ಲರಿಗೂ ಗೊತ್ತಾಯಿತು. ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು.

ಅಬ್ನರ್: ಡೋರ್ಕಸಮ್ಮ.

ಡೋರ್ಕಸಮ್ಮ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದಳು.

ಅಬ್ನರ್: ನೀವು ಮುಟ್ಟಿದಿರಿ.

ಡೋರ್ಕಸಮ್ಮ: ಇಲ್ಲ. ನಿಮಗೆ ಮಾತು ಕೊಟ್ಟಿದ್ದೆನಲ್ಲ, ಬೆರಳೂ ಸೋಕಿಸಿಲ್ಲ. ಅದಕ್ಕೇ ನಿಂತಿರೋದು.

ಅಬ್ನರ್: ನಿನ್ನೆ ಕೀಲಿ ಕೊಡಲಿಲ್ಲವಾ?

ಡೋರ್ಕಸಮ್ಮ: ನಿನ್ನೆ ಭಾನುವಾರ ಅಂತ ಮೊನ್ನೆಯೇ ಹೇಳಿದೆ. ಭಾನುವಾರ ಮೊದಲೇ ಮುಟ್ಟಬಾರದು ಅಂದಿರಿ.

ಅಬ್ನರ್ ಕೂರಲಿಲ್ಲ. ಕೂತರೆ ಕೈ ಎತ್ತಿಸಿಬಿಡುತ್ತಾರೆ ಎಂಬುದು ಅವನಿಗೆ ನೆನಪಿತ್ತು. ನಿಂತುಕೊಂಡೇ ಮುಂದಿನ ಮಾತು ಹುಡುಕಿದ.

ಅಬ್ನರ್: ಆಯ್ತು. ಮಾತು ವಾಪಸ್ ತಗೊಂಡೆ. ಈಗ ಕೀಲಿ ಕೊಡಿ.

ಡೋರ್ಕಸಮ್ಮ: ವಾಪಸ್ ತಗೊಂಡಿರಾ?

ಅಬ್ನರ್: ತಗೊಂಡೆ. ಇಷ್ಟು ಜನ ಸಾಕ್ಷಿ.

ಡೋರ್ಕಸಮ್ಮ: ಒಳ್ಳೇದಾಯ್ತು. ಭಾನುವಾರ ಕೊಡ್ತೀನಿ.

ಅಬ್ನರ್: ಈಗ ಕೊಡಿ ಅಂದೆ.

ಡೋರ್ಕಸಮ್ಮ: ಈಗ ಸೋಮವಾರ.

ಅಬ್ನರ್ ಜೇಬಿನಿಂದ ತನ್ನ ಗಡಿಯಾರ ತೆಗೆದ.

ಅಬ್ನರ್: ಅಧ್ಯಕ್ಷರೇ, ಇನ್ನು ಒಂಬತ್ತು ನಿಮಿಷಕ್ಕೆ ಹನ್ನೆರಡು ಆಗುತ್ತೆ. ಇದರಲ್ಲಿ ನೋಡಿ.

ಲೈಮನ್: ಒಂದನೇ ನಿಯಮ ಓದ್ತೀನಿ. ಗೋಡೆಯ ಮೇಲಿರುವ ಗಡಿಯಾರವೇ ಗಡಿಯಾರ, ಯಾರ ಜೇಬಿನದ್ದೂ ಲೆಕ್ಕಕ್ಕಿಲ್ಲ. ಸೂಚನೆ ತಂದವರು ಅಬ್ನರ್ ಟಲ್. ಜೇಬಿಗೆ ಹಾಕ್ಕೊಳ್ಳಿ.

ಅಬ್ನರ್: ಸೂರ್ಯ ಅಂತ ಒಬ್ಬ ಇದ್ದಾನೆ.

ಲೈಮನ್: ಅವನು ಈ ಸಭೆಯ ಸದಸ್ಯನಲ್ಲ. ನೀವು ಹೇಳಿ, ಗಂಟು ನೋಡಿ ನಿಮ್ಮಪ್ಪ ಏನಂದರು?

ಮೇಜಿನ ಆ ಕೊನೆಯಿಂದ ಮರದ ಕಾಲಿನ ಸದಸ್ಯ ತಲೆ ಎತ್ತಿದ.

ಮರದ ಕಾಲಿನವನು: ಅಮ್ಮ, ಊಟ?

ಡೋರ್ಕಸಮ್ಮ: ಹನ್ನೆರಡು ಹೊಡೆದ ಮೇಲೆ.

ಅದು ಎಲ್ಲರ ತಲೆಗೂ ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹನ್ನೆರಡು ಹೊಡೆಯದೆ ಊಟ ಇಲ್ಲ. ಐದು ಹೊಡೆಯದೆ ಮನೆ ಇಲ್ಲ. ಅಬ್ನರ್ ಕೂರದೆ ಎದ್ದು ಹೋಗುವ ಹಾಗೂ ಇಲ್ಲ. ಮುಂದಿನ ಭಾನುವಾರಕ್ಕೆ ಇನ್ನೂ ಆರು ದಿನ ಇತ್ತು. ಅಬ್ನರನ ಹತ್ತಿರ ಇನ್ನು ಒಂಬತ್ತು ಹಲಗೆ ಇದ್ದವು.

ಅವನು ಮಾತು ಮುಂದುವರಿಸಿದ. ಬಿಸಿಲು ಕಿಟಕಿಯಿಂದ ಒಳಗೆ ಬಂದು ನೆಲದ ಮೂರನೆಯ ಹಲಗೆಯ ಮೇಲಿತ್ತು. ನಾಲ್ಕನೆಯದಕ್ಕೆ ಹೋಯಿತು, ಐದನೆಯದಕ್ಕೆ ಹೋಯಿತು. ಪಕ್ಕದ ಮನೆಯ ಗುದ್ರುನ್, ನಾರ್ವೆಯಿಂದ ಬಂದ ಹೆಂಗಸು, ಕಿಟಕಿಯಿಂದ ನಿಂತ ಗಡಿಯಾರ ನೋಡಿ ಮನೆಗೆ ಓಡಿದಳು. ಓಡಿದವಳು ಒಣಸೇಬಿನ ಕಡುಬು ಹಿಡಿದುಕೊಂಡು, ಕಪ್ಪು ಶಾಲು ಹೊದ್ದುಕೊಂಡು ಹಿತ್ತಲ ಬಾಗಿಲಿಗೆ ಬಂದಳು.

ಗುದ್ರುನ್: ಯಾರು, ಡೋರ್ಕಸ್?

ಡೋರ್ಕಸಮ್ಮ: ಯಾರೂ ಇಲ್ಲ.

ಗುದ್ರುನ್: ಗಡಿಯಾರ ನಿಂತಿದೆ.

ಡೋರ್ಕಸಮ್ಮ: ಅದಾಗಿಯೇ ನಿಂತಿತು.

ಗುದ್ರುನ್: ನನ್ನ ಹತ್ತಿರ ಮುಚ್ಚಿಡಬೇಡ. ಅಷ್ಟು ಜನ ಕಪ್ಪು ಕೋಟು ಹಾಕ್ಕೊಂಡು ತಲೆ ತಗ್ಗಿಸಿ ಕೂತಿದ್ದಾರೆ. ಒಬ್ಬ ನಿಂತುಕೊಂಡು ಹೋದವರ ಗುಣ ಹೇಳ್ತಾ ಇದ್ದಾನೆ.

ಡೋರ್ಕಸಮ್ಮ: ಅವನು ದೋಣಿಯ ಗುಣ ಹೇಳ್ತಾ ಇರೋದು.

ಗುದ್ರುನ್ ಒಂದು ಗಳಿಗೆ ಕಿವಿಗೊಟ್ಟಳು. ಒಳಗೆ ಅಬ್ನರ್ ಮೂವತ್ತೇಳನೆಯ ಹಲಗೆ ನೀರಿನಲ್ಲಿ ಎಷ್ಟು ವರ್ಷ ಕೊಳೆಯದೆ ನಿಂತಿತೆಂದು ಗಂಟಲು ಕಟ್ಟಿದ ದನಿಯಲ್ಲಿ ಹೇಳುತ್ತಿದ್ದ.

ಗುದ್ರುನ್: ಪಾಪ, ತುಂಬಾ ಹಚ್ಚಿಕೊಂಡಿದ್ದ ಅಂತ ಕಾಣುತ್ತೆ. ಎಲ್ಲಿ ಇಡಲಿ ಇದನ್ನ?

ಡೋರ್ಕಸಮ್ಮ: ಮೇಲಿನ ಹಲಗೆ ಮೇಲೆ ಇಡು. ಸಾವಿನ ಮನೆಗೆ ಬಂದ ಕಡುಬು, ಹೂಳಿ ಬಂದ ಮೇಲೆ ತಿನ್ನಬೇಕು.

ಈ ಮಾತು ತೆರೆದ ಬಾಗಿಲಿನಿಂದ ಊಟದ ಕೋಣೆಗೂ ಕೇಳಿಸಿತು. ಮರದ ಕಾಲಿನ ಸದಸ್ಯ ಕಣ್ಣು ಮುಚ್ಚಿಕೊಂಡ.

ಬಿಸಿಲು ಏಳನೆಯ ಹಲಗೆಗೆ ಬಂದಾಗ ಅಬ್ನರನ ನಲವತ್ತು ಹಲಗೆಯೂ ಮುಗಿದವು. ಅವನು ಮೊಳೆಗಳನ್ನು ಶುರುಮಾಡಿದ. ಎರಡು ಮೊಳೆ ಹೇಳುವಷ್ಟರಲ್ಲಿ ದನಿ ಬಿದ್ದುಹೋಯಿತು. ಡೋರ್ಕಸಮ್ಮ ಒಂದು ಲೋಟ ನೀರು ತಂದು ಅವನ ಮುಂದೆ ಮೇಜಿನ ಮೇಲೆ ಇಟ್ಟಳು.

ಅಬ್ನರ್: (ಮೆಲ್ಲಗೆ) ಎಷ್ಟು ದಿನ ಹೀಗೆ ನಿಲ್ಲಿಸ್ತೀರಮ್ಮ?

ಡೋರ್ಕಸಮ್ಮ: ನಿಲ್ಲಿಸಿದ್ದು ನಾನಲ್ಲ. ನಿಂತಿರೋದು ನೀವು.

ಅಬ್ನರ್: ಸೇತುವೆ ಬಂದರೆ ಊರಿಗೆ ನಮ್ಮಪ್ಪ ಇಟ್ಟ ಹೆಸರಿಗೆ ಏನರ್ಥ?

ಡೋರ್ಕಸಮ್ಮ: ಹೆಸರನ್ನ ಯಾರೂ ಕಿತ್ತುಕೊಳ್ಳಲ್ಲ. ಎಫ್ರಾಯಿಮ್ ಸತ್ತು ನಾಲ್ಕು ವರ್ಷ ಆಯ್ತು, ಈ ಮನೆಗೆ ಇನ್ನೂ ಅವರ ಹೆಸರೇ.

ಅಬ್ನರ್: ನನಗೆ ಬೇರೆ ಕೆಲಸ ಗೊತ್ತಿಲ್ಲ ಡೋರ್ಕಸಮ್ಮ.

ಡೋರ್ಕಸಮ್ಮ: ಸೇತುವೆ ಕಟ್ಟೋಕೆ ಕಲ್ಲು, ಮರ ನದಿಯ ಮಧ್ಯಕ್ಕೆ ಹೇಗೆ ಹೋಗುತ್ತೆ? ಎರಡು ವರ್ಷ ನಿಮ್ಮ ದೋಣಿಗೇ ಕೈತುಂಬ ಕೆಲಸ. ಆಮೇಲೆ ಸೇತುವೆಯನ್ನ ಕಾಯೋನು ಒಬ್ಬ ಬೇಕು. ನದಿ ಗೊತ್ತಿರೋನು ಈ ಊರಲ್ಲಿ ನೀವೊಬ್ಬರೇ.

ಅಬ್ನರ್ ನೀರು ಕುಡಿದು ಲೋಟ ಕೆಳಗಿಟ್ಟ.

ಡೋರ್ಕಸಮ್ಮ: ಬೇಡ ಅಂದರೆ ನಿಂತುಕೊಳ್ಳಿ. ಈ ಕೋಣೆ ನಾಲ್ಕು ದಿನ ಕಾದಿದೆ, ಅಬ್ನರ್. ಮತ್ತೆ ಕಾಯುತ್ತೆ.

ಅಬ್ನರ್ ಎರಡೂ ಕೈ ಊರಿಕೊಂಡಿದ್ದ ಮೇಜನ್ನು ನೋಡಿದ. ಆ ಐದನೆಯ ದಿನ ಪೆಟ್ಟಿಗೆಗೆ ಹೆಗಲು ಕೊಟ್ಟು ಅಲ್ಲಿಂದ ಎತ್ತಿದವರಲ್ಲಿ ಅವನೂ ಒಬ್ಬ. ಅವನು ಮೇಜಿನಿಂದ ಕೈ ತೆಗೆದ. ಸ್ವಲ್ಪ ಹೊತ್ತಿಗೆ ಕುರ್ಚಿ ಎಳೆದುಕೊಂಡು ಕೂತ. ಹಸಿವಿಗೆ ಕೂತನೋ ಬೇರೆ ಯಾವುದಕ್ಕೋ, ಡೋರ್ಕಸಮ್ಮ ವಿಚಾರಿಸಲಿಲ್ಲ.

ಲೈಮನ್: ಸೇತುವೆ ಮಸೂದೆ. ಒಪ್ಪಿದವರು ಕೈ ಎತ್ತಿ.

ಡೋರ್ಕಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಣಿಸಿದಳು. ಹದಿನೇಳು. ಎಡಗಡೆಯಿಂದ ಇನ್ನೊಂದು ಸಲ ಎಣಿಸಿದಳು. ಹದಿನೇಳೇ. ಒಳಗೆ ಹೋಗಿ ಬೀನ್ಸಿನ ಪಾತ್ರೆಯ ಮುಚ್ಚಳ ತೆಗೆದು, ತಿರುವುವುದೇನೂ ಇಲ್ಲದಿದ್ದರೂ ಒಂದು ಸಲ ತಿರುವಿ, ಮತ್ತೆ ಮುಚ್ಚಿದಳು.

ಹಿಂದೆಯೇ ಲೈಮನ್ ಬಾಗಿಲಿಗೆ ಬಂದ. ಅವನ ಹಿಂದೆ ಮೂವತ್ತು ಜನ.

ಲೈಮನ್: ಅಮ್ಮ, ಸೇತುವೆ ಆಯ್ತು.

ಡೋರ್ಕಸಮ್ಮ: ನೋಡಿದೆ.

ಲೈಮನ್: ಇನ್ನು ಕೀಲಿ ಕೊಟ್ಟುಬಿಡಿ. ಹನ್ನೆರಡು ಹೊಡೆದರೆ ಸಭೆ ಮುಗಿಯುತ್ತೆ, ಊಟಕ್ಕೆ ಕೂರ್ತೀವಿ.

ಡೋರ್ಕಸಮ್ಮ: ಭಾನುವಾರ.

ಲೈಮನ್: ಕೆಲಸ ಆಯ್ತಲ್ಲಮ್ಮ. ಇನ್ನು ಯಾಕೆ?

ಡೋರ್ಕಸಮ್ಮ: ಕೆಲಸಕ್ಕೆ ಅಂತ ನಾನು ಹೇಳಲಿಲ್ಲ. ಸ್ಪ್ರಿಂಗಿಗೆ ಅಂತ ಹೇಳಿದೆ. ಜ್ವರ ಬಂದಾಗ ಆರು ದಿನ ನಿಂತಿತ್ತು. ಆಗ ನನಗೂ ಊಟದ ಹೊತ್ತು ತಿಳೀತಿರಲಿಲ್ಲ.

ಲೈಮನ್: ಆರು ದಿನ ನಾವು ಇಲ್ಲೇ ಕೂರೋದಾ?

ಡೋರ್ಕಸಮ್ಮ: ನಿಯಮ ನಿಮ್ಮದು.

ಸಭೆ ಬಾಗಿಲಿನಿಂದ ಹಿಂದಕ್ಕೆ ಹೋಗಿ ಮೇಜಿನ ಸುತ್ತ ಕೂತಿತು. ಐದು ನಿಮಿಷ ಪಿಸುಮಾತು ಕೇಳಿಸಿತು. ಆಮೇಲೆ ಅಬ್ನರ್ ಎದ್ದು ನಿಂತ. ಎಲ್ಲರೂ ಹೆದರಿದರು. ಅವನು ಒಂದೇ ಮಾತು ಹೇಳಿ ಕೂತ. ಮೂವತ್ತೊಂದು ಕೈ ಮೇಲೆ ಹೋದವು. ಅರವತ್ತು ದಿನದಲ್ಲಿ ಎಲ್ಲರೂ ಕೂಡಿ ಕೈ ಎತ್ತಿದ್ದು ಮೊದಲನೆಯ ನಿಯಮಕ್ಕೆ ಬಿಟ್ಟರೆ ಅದೊಂದಕ್ಕೇ.

ಲೈಮನ್: (ಮತ್ತೆ ಬಾಗಿಲಿಗೆ ಬಂದು) ಅಮ್ಮ, ಅಬ್ನರ್ ಟಲ್ ಅವರ ಸೂಚನೆ ಮೇರೆಗೆ ಇವತ್ತು ಭಾನುವಾರ ಅಂತ ಸಭೆ ತೀರ್ಮಾನ ಮಾಡಿದೆ.

ಡೋರ್ಕಸಮ್ಮ: ಎಲ್ಲರೂ ಒಪ್ಪಿದರಾ?

ಲೈಮನ್: ಒಬ್ಬರೂ ಬಿಡದೆ.

ಡೋರ್ಕಸಮ್ಮ: ಅದು ಈಗ ಕಾನೂನಾ?

ಲೈಮನ್: ಈ ಕೋಣೆಯ ಮಟ್ಟಿಗೆ ಕಾನೂನೇ.

ಡೋರ್ಕಸಮ್ಮ ಏಪ್ರನ್ನಿನ ಜೇಬಿನಿಂದ ಕೀಲಿಕೈ ತೆಗೆದಳು. ಮೂವತ್ತೊಂದು ಜನ ಉಸಿರು ಬಿಟ್ಟರು. ಅವಳು ಒಲೆಯ ಹತ್ತಿರ ಹೋಗಿ, ಬೀನ್ಸಿನ ಪಾತ್ರೆಯನ್ನು ಕೆಳಗಿಳಿಸಿ, ಒಲೆಯ ಬಾಯಿ ಮುಚ್ಚತೊಡಗಿದಳು.

ಲೈಮನ್: ಅದ್ಯಾಕಮ್ಮ?

ಡೋರ್ಕಸಮ್ಮ: ಭಾನುವಾರ ನಮ್ಮನೇಲಿ ಒಲೆ ಹಚ್ಚಲ್ಲ. ತಣ್ಣನೆ ಬ್ರೆಡ್ಡು, ತಣ್ಣನೆ ಮಾಂಸ. ಮೊದಲ ದಿನವೇ ಹೇಳಿದ್ದೆ.

ಪಾತ್ರೆಯಿಂದ ಹಬೆ ಏಳುತ್ತಿತ್ತು. ಲೈಮನ್ ಹಿಂದಕ್ಕೆ ತಿರುಗಿ ಅಬ್ನರನನ್ನು ನೋಡಿದ, ಅಬ್ನರ್ ಮರದ ಕಾಲಿನವನನ್ನು ನೋಡಿದ, ಮರದ ಕಾಲಿನವನು ಪಾತ್ರೆಯನ್ನು ನೋಡಿದ. ಸಭೆ ಮತ್ತೊಮ್ಮೆ ಮೇಜಿಗೆ ಹೋಗಿ ಮತ್ತೊಮ್ಮೆ ಕೈ ಎತ್ತಿ ಬಂದಿತು. ಈ ಸಲ ಮೂವತ್ತೊಂದು ಜನವೂ ಟೋಪಿ ಕೈಯಲ್ಲಿ ಹಿಡಿದುಕೊಂಡಿದ್ದರು. ಲೈಮನ್ ಕೈಯಲ್ಲಿ ಚೀಟಿ ಇತ್ತು. ಅವನು ಅದನ್ನು ನೋಡಿಕೊಂಡು, ಒಂದೊಂದೇ ಮಾತು ಬಿಡಿಸಿ ಕೇಳಿದ.

ಲೈಮನ್: ಅಮ್ಮ, ಈ ರಾಜ್ಯದ ಶಾಸನಸಭೆ ನಿಮ್ಮನ್ನ ಕೇಳ್ತಾ ಇದೆ. ಇಲ್ಲಿತನಕ ಸೋಮವಾರ, ನೀವು ಸ್ಟೂಲು ಹತ್ತಿದಾಗಿಂದ ಹದಿನಾಲ್ಕು ಸುತ್ತು ಮುಗಿಯೋ ತನಕ ಭಾನುವಾರ, ಸ್ಟೂಲು ಇಳಿದ ಮೇಲೆ ಊಟಕ್ಕೆ ಮತ್ತೆ ಸೋಮವಾರ, ಹೀಗೆ ಇಟ್ಟುಕೊಂಡರೆ ನಿಮ್ಮ ಕಡೆಯಿಂದ ಏನಾದ್ರೂ ತಕರಾರು ಇದೆಯಾ?